ಜೈಲಿನೊಳಗಿನ ಕಾಯಿಲೆಗೆ ಹೊರಗಿನಿಂದ ಒಂದು ಕಾಗದ: ಉತ್ತರ ಕನ್ನಡದ ಮನೆಯವರಿಗೆ ಮಾರ್ಗದರ್ಶಿ

ಐಸ್ ತುಂಬಿದ ಸ್ಟೀಲ್ ಡಬ್ಬಿ. ಅದರೊಳಗೆ ಬಟ್ಟೆ ಸುತ್ತಿದ ಎರಡು ಇನ್ಸುಲಿನ್ ಬಾಟಲಿ. ಐಸಿಗೆ ನೇರ ತಾಗಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಹಾಳಾಗುತ್ತದೆ ಅಂತ ಔಷಧ ಅಂಗಡಿಯವರು ಹೇಳಿದ್ದರು, ಅದಕ್ಕೇ ಬಟ್ಟೆ. ಚಿಕ್ಕಮ್ಮ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಶಿರಸಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟಿದ್ದರು. ಜೊತೆಗೆ ನಾನೂ ಇದ್ದೆ. ಚಿಕ್ಕಪ್ಪ ಒಂದು ಕೇಸಿನಲ್ಲಿ ಸಿಕ್ಕಿ, ಊರಿಂದ ದೂರದ ಜೈಲೊಂದರಲ್ಲಿ ವಿಚಾರಣಾಧೀನ ಕೈದಿಯಾಗಿದ್ದರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕೇ ಬೇಕು.

ಗೇಟಿನಲ್ಲಿ “ಹೊರಗಿನ ಮದ್ದು ಒಳಗೆ ಬಿಡೋದಿಲ್ಲ” ಅಂದರು. ಯಾರನ್ನು ಕೇಳಬೇಕು ಅಂದರೆ “ಸಾಹೇಬ್ರು ಇಲ್ಲ” ಅಂದರು. ಮಧ್ಯಾಹ್ನದ ಹೊತ್ತಿಗೆ ಐಸೆಲ್ಲ ನೀರಾಗಿತ್ತು. ಚಿಕ್ಕಮ್ಮ ಆ ನೀರನ್ನು ಗೇಟಿನ ಹೊರಗಿನ ಮರದ ಬುಡಕ್ಕೆ ಚೆಲ್ಲಿ, ಸೆರಗಿನಿಂದ ಡಬ್ಬಿ ಒರೆಸಿ, ಮತ್ತೆ ಚೀಲಕ್ಕೆ ಹಾಕಿಕೊಂಡರು. ನಾಲ್ಕು ದಿನದ ಮೇಲೆ ಚಿಕ್ಕಪ್ಪನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ಹಾಕಿದರು. ಉಳಿದುಕೊಂಡರು.

ವಕೀಲರು ಕೇಳಿದ ಮೊದಲ ಪ್ರಶ್ನೆ ಇದು: “ಕಾಗದ ಕೊಟ್ಟಿದ್ರಾ?”

ನಾವು ಕೊಟ್ಟಿರಲಿಲ್ಲ. ಕೈಮುಗಿದು ಕೇಳಿದ್ದೆವು, ಅಷ್ಟೇ. ಕೈಮುಗಿದದ್ದಕ್ಕೆ ತಾರೀಕು ಇರುವುದಿಲ್ಲ, ಸೀಲು ಇರುವುದಿಲ್ಲ. ಕೋರ್ಟಿನಲ್ಲಿ “ಇವರು ಕೇಳಲೇ ಇಲ್ಲ” ಅಂತ ಹೇಳಿದರೆ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಆಮೇಲೆ ನಾಲ್ಕಾರು ಮನೆಯವರ ಜೊತೆ ಇದೇ ಕೆಲಸಕ್ಕೆ ಓಡಾಡಿದ್ದೇನೆ. ನಾನು ವಕೀಲನಲ್ಲ. ಆದರೆ ಎಲ್ಲಿ ತಪ್ಪುತ್ತೇವೆ ಅನ್ನುವುದು ಗೊತ್ತಾಗಿದೆ. ಹೆಚ್ಚಿನ ಸಲ ತಪ್ಪುವುದು ಇಲ್ಲೇ: ಬಾಯಲ್ಲಿ ಹೇಳುತ್ತೇವೆ, ಬರೆದು ಕೊಡುವುದಿಲ್ಲ.

ಹಕ್ಕು ಎಲ್ಲಿಂದ ಬಂತು

ಜೈಲಿಗೆ ಹೋದವರು ಓಡಾಡುವ ಸ್ವಾತಂತ್ರ್ಯ ಕಳೆದುಕೊಳ್ಳುತ್ತಾರೆ, ಜೀವದ ಹಕ್ಕನ್ನಲ್ಲ. ಸಂವಿಧಾನದ 21ನೇ ವಿಧಿ ಅವರಿಗೂ ಇದೆ. ಶಿಕ್ಷೆಯಾದವರಿಗೂ ಇದೆ, ಆಗದವರಿಗೂ ಇದೆ. ಹಣವಿಲ್ಲ, ಬೆಡ್ ಇಲ್ಲ ಅಂತ ಹೇಳಿ ಸರ್ಕಾರ ತುರ್ತು ಚಿಕಿತ್ಸೆಯಿಂದ ಜಾರಿಕೊಳ್ಳುವಂತಿಲ್ಲ ಅಂತ 1996ರ ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕೈದಿಯ ಪ್ರಕರಣವಲ್ಲ, ಸರ್ಕಾರಿ ಆಸ್ಪತ್ರೆಗಳು ಸೇರಿಸಿಕೊಳ್ಳದ ಒಬ್ಬ ಕೂಲಿಕಾರರದ್ದು. ಆದರೂ ಜೈಲಿನ ಅರ್ಜಿಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ ಎರಡು ಮಾತು ನೆನಪಿಡಿ. 24ನೇ ನಿಯಮ: ಹೊರಗಿನ ಸಮಾಜಕ್ಕೆ ಸಿಗುವ ಮಟ್ಟದ ಚಿಕಿತ್ಸೆ ಕೈದಿಗೂ ಸಿಗಬೇಕು, ಉಚಿತವಾಗಿ. 27ನೇ ನಿಯಮ: ಚಿಕಿತ್ಸೆಯ ತೀರ್ಮಾನ ವೈದ್ಯರದ್ದು, ಜೈಲಿನ ವೈದ್ಯೇತರ ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ. ಇವು ನಮ್ಮ ಕಾನೂನಿನಷ್ಟು ಕಟ್ಟುನಿಟ್ಟಲ್ಲ, ಆದರೆ ನಮ್ಮ ಕೋರ್ಟುಗಳು ಇವನ್ನು ಗೌರವದಿಂದ ನೋಡುತ್ತವೆ.

ಮೊದಲ ಹೆಜ್ಜೆ: ಬಂಧನವಾದ ದಿನವೇ ಹೇಳಿ

ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 53ನೇ ಕಲಂ ಪ್ರಕಾರ ಬಂಧಿಸಿದ ಕೂಡಲೇ ವೈದ್ಯರಿಂದ ತಪಾಸಣೆ ಆಗಬೇಕು. ಆ ವರದಿಯ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಕೊಡಬೇಕು. ಈ ಪ್ರತಿ ಕೇಳುವವರೇ ಕಡಿಮೆ. ಕೇಳಿ. 56ನೇ ಕಲಂ ಪ್ರಕಾರ ಕಸ್ಟಡಿಯಲ್ಲಿ ಇಟ್ಟುಕೊಂಡವರೇ ಬಂಧಿತರ ಆರೋಗ್ಯ ನೋಡಿಕೊಳ್ಳಬೇಕು. ಪೊಲೀಸ್ ಕಸ್ಟಡಿ ಮುಂದುವರಿದರೆ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು ಅಂತ ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಹೇಳುತ್ತದೆ.

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಅಲ್ಲಿ ಸಿಗುವುದು ಒಂದೆರಡು ನಿಮಿಷ. ಹೆದರಿಕೆಯಲ್ಲಿ ಜನ ಸುಮ್ನೆ ನಿಂತುಬಿಡುತ್ತಾರೆ. “ನನಗೆ ಸಕ್ಕರೆ ಕಾಯಿಲೆ ಇದೆ, ಬೆಳಿಗ್ಗೆ ರಾತ್ರಿ ಇನ್ಸುಲಿನ್ ಬೇಕು, ನಿನ್ನೆ ರಾತ್ರಿಯಿಂದ ತಗೊಂಡಿಲ್ಲ” ಅಂತ ಇಷ್ಟು ಹೇಳಿದರೆ ಸಾಕು. ಅದನ್ನು ಆದೇಶದ ಹಾಳೆಯಲ್ಲಿ ಬರೆಸಿ ಅಂತ ವಕೀಲರಿಗೆ ಹೇಳಿ. ಕೊಂಕಣಿಯೋ ನವಾಯತಿಯೋ ಮಾತಾಡುವವರಾದರೆ, ಕಾಯಿಲೆಯ ಹೆಸರು ಕನ್ನಡದಲ್ಲಿ ಹೇಳಲು ಮೊದಲೇ ಕಲಿಸಿಕೊಡಿ, ಇಲ್ಲ ಅಂದರೆ ಚೀಟಿ ಬರೆದುಕೊಡಿ. ಮುಂದಿನ ಸಲ ವಿಡಿಯೋದಲ್ಲೇ ಹಾಜರುಪಡಿಸಬಹುದು. ಪರದೆಯಲ್ಲಿ ಮಾತು ಕೇಳಿಸದೆ ಹೋಗಬಹುದು. ಅವತ್ತು ವಕೀಲರ ಕೈಯಿಂದ ಒಂದು ಮೆಮೊ, ಅಂದರೆ ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಟಿಪ್ಪಣಿ, ಹಾಕಿಸುವುದು ಒಳ್ಳೆಯದು.

ಎರಡನೇ ಹೆಜ್ಜೆ: ಒಂದೇ ಹಾಳೆಯಲ್ಲಿ ಕಾಯಿಲೆಯ ಚರಿತ್ರೆ

ಕೈದಿ ಒಳಗೆ ಹೋಗುವಾಗ ಜೈಲಿನ ವೈದ್ಯಾಧಿಕಾರಿ ತಪಾಸಣೆ ಮಾಡಿ ದಾಖಲಿಸಬೇಕು. ಅವರ ಕೈಗೆ ಹತ್ತು ವರ್ಷದ ಫೈಲು ಕೊಟ್ಟರೆ ಓದಲು ಅವರಿಗೆ ಹೊತ್ತಿರುವುದಿಲ್ಲ. ಒಂದು ಹಾಳೆ ಮಾಡಿ. ಕಾಯಿಲೆ ಏನು, ಎಷ್ಟು ವರ್ಷದಿಂದ, ಯಾವ ಮದ್ದು, ಎಷ್ಟು, ಯಾವ ಹೊತ್ತಿಗೆ, ಯಾವ ಮದ್ದು ಆಗಿಬರುವುದಿಲ್ಲ, ನೋಡುತ್ತಿದ್ದ ವೈದ್ಯರು ಯಾರು. ಮದ್ದಿನ ಕಂಪನಿ ಹೆಸರಿನ ಜೊತೆ ಅದರೊಳಗಿನ ಔಷಧದ ಹೆಸರನ್ನೂ ಬರೆಯಿರಿ. ಸರ್ಕಾರಿ ದಾಸ್ತಾನಿನಲ್ಲಿ ಕಂಪನಿ ಹೆಸರು ಬೇರೆ ಇರುತ್ತದೆ, “ಈ ಮಾತ್ರೆ ನಮ್ಮಲ್ಲಿ ಇಲ್ಲ” ಅನ್ನುವ ಮಾತು ಅಲ್ಲಿಂದಲೇ ಹುಟ್ಟುವುದು.

ಕೆಲವು ಕಾಯಿಲೆಗಳಲ್ಲಿ ಒಂದೆರಡು ದಿನ ತಪ್ಪಿದರೂ ಅಪಾಯ. ಇನ್ಸುಲಿನ್ ಮೇಲೇ ಬದುಕಿರುವವರಿಗೆ ಅದು ನಿಂತರೆ ಒಂದೆರಡು ದಿನದಲ್ಲೇ ರಕ್ತ ಆಮ್ಲವಾಗಿ ಜೀವಕ್ಕೆ ಕುತ್ತು ಬರುತ್ತದೆ. ಮೂರ್ಛೆರೋಗದ ಮಾತ್ರೆ ಏಕಾಏಕಿ ನಿಂತರೆ ಫಿಟ್ಸ್ ಬರುತ್ತದೆ. ಕ್ಷಯದ ಮದ್ದು ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದ ಹಾಗೆ ಬೆಳೆಯುತ್ತದೆ, ಮೇಲಾಗಿ ಆ ಬ್ಯಾರಕ್ಕಿನಲ್ಲಿರುವ ಎಲ್ಲರಿಗೂ ಅಪಾಯ. ಡಯಾಲಿಸಿಸ್‌ನವರ ವಿಷಯ ಹೇಳುವುದೇ ಬೇಡ. ಇಂಥವರಾದರೆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ: “ಮದ್ದು ತಪ್ಪಿದರೆ ಜೀವಕ್ಕೆ ಅಪಾಯ.”

ಹೊರಗಿನ ಮದ್ದು ಒಳಗೆ ಹೋಗಬೇಕಾದರೆ ವೈದ್ಯಾಧಿಕಾರಿಯ ಒಪ್ಪಿಗೆ ಬೇಕು. ಇದು ನ್ಯಾಯವಾದ ನಿಯಮ, ಜೈಲಿನೊಳಗೆ ಏನೇನೋ ಹೋಗದಂತೆ ನೋಡಬೇಕಲ್ಲ. ಹಾಗಾಗಿ ಗೇಟಿನಲ್ಲಿ ವಾದ ಮಾಡಬೇಡಿ. ಸೀಲು ಒಡೆಯದ ಮದ್ದು, ಇತ್ತೀಚಿನ ಚೀಟಿ, ಬಿಲ್ಲು ಮೂರನ್ನೂ ಸೇರಿಸಿ, ವೈದ್ಯಾಧಿಕಾರಿಯ ಹೆಸರಿಗೆ ಕಾಗದ ಬರೆದು ಕೊಡಿ. ಅವರು ತಾವೇ ಕೊಡುತ್ತೇವೆ ಅಂದರೆ ಇನ್ನೂ ಒಳ್ಳೆಯದು, ಹಾಗಂತ ಬರೆದುಕೊಡಲಿ.

ಮೂರನೇ ಹೆಜ್ಜೆ: ಅಧೀಕ್ಷಕರಿಗೆ ಅರ್ಜಿ

ಇದು ಎಲ್ಲಕ್ಕಿಂತ ಮುಖ್ಯ. ಮುಂದೆ ಕಾರವಾರದ ಕೋರ್ಟಿಗೆ ಹೋದರೂ, ಧಾರವಾಡಕ್ಕೆ ಹೋದರೂ ಈ ಕಾಗದದ ಮೇಲೆಯೇ ಎಲ್ಲ ನಿಲ್ಲುತ್ತದೆ. ನಾವು ಬರೆಯುವುದು ಹೀಗೆ:

“ಇವರಿಗೆ, ಅಧೀಕ್ಷಕರು, ಜಿಲ್ಲಾ ಕಾರಾಗೃಹ, ……
ಪ್ರತಿ: ವೈದ್ಯಾಧಿಕಾರಿಗಳು, ಅದೇ ಕಾರಾಗೃಹ.
ವಿಷಯ: ವಿಚಾರಣಾಧೀನ ಕೈದಿ ……, ನಂಬರ್ ……, ಇವರ ಚಿಕಿತ್ಸೆ ಕುರಿತು.

ಮೇಲೆ ಹೇಳಿದವರು ನನ್ನ ಗಂಡ. ಇವರಿಗೆ …… ವರ್ಷಗಳಿಂದ ಹೃದಯದ ಕಾಯಿಲೆ ಇದೆ. ದಿನಾಂಕ …… ರಂದು ಭೇಟಿಯಾದಾಗ ಎದೆನೋವು ಇದೆ, ಕಾಲು ಬಾತಿದೆ, …… ದಿನದಿಂದ ಮಾತ್ರೆ ಸಿಕ್ಕಿಲ್ಲ ಎಂದು ತಿಳಿಸಿದರು. ದಯವಿಟ್ಟು (1) ಇವತ್ತೇ ವೈದ್ಯಾಧಿಕಾರಿಗಳಿಂದ ತಪಾಸಣೆ ಮಾಡಿಸಬೇಕು, (2) ಹೃದಯ ತಜ್ಞರ ಹತ್ತಿರ ಕಳಿಸಬೇಕು, (3) ಕೊಟ್ಟ ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ನನಗೆ ಕೊಡಬೇಕು. ಹಳೆಯ ವೈದ್ಯಕೀಯ ದಾಖಲೆಗಳ ನಕಲು …… ಪುಟ ಲಗತ್ತಿಸಿದೆ.

ದಿನಾಂಕ, ಸಹಿ, ಮೊಬೈಲ್ ನಂಬರ್.”

ಇಷ್ಟೇ. ಬೈಗುಳ ಬೇಡ, ಕೇಸಿನ ಸುಳ್ಳು ನಿಜದ ಮಾತು ಬೇಡ, “ನನ್ನ ಗಂಡ ನಿರಪರಾಧಿ” ಅಂತಲೂ ಬೇಡ. ಕಾಯಿಲೆ, ತಾರೀಕು, ಕೇಳಿಕೆ. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಹತ್ತಿರದ ಅಂಚೆ ಕಚೇರಿಗೆ ಹೋಗಿ ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ. ಆ ರಸೀದಿಯ ಶಾಯಿ ಬೇಗ ಮಾಸುತ್ತದೆ, ಅವತ್ತೇ ಫೋಟೊ ತೆಗೆದಿಡಿ. ಇದೊಂದು ಸಣ್ಣ ಮಾತು ಅನಿಸಬಹುದು, ಆದರೆ ಮೂರು ತಿಂಗಳ ಮೇಲೆ ಬಿಳಿ ಚೀಟಿ ಹಿಡಿದು ನಿಂತವರನ್ನು ನಾನು ನೋಡಿದ್ದೇನೆ.

ಚಿಕಿತ್ಸೆ ಅಂದರೆ ಮಾತ್ರೆ, ಇಂಜೆಕ್ಷನ್ ಅಷ್ಟೇ ಅಂದುಕೊಳ್ಳಬೇಡಿ. ಕನ್ನಡಕ, ಊರುಗೋಲು, ಕಿವಿಯ ಯಂತ್ರ, ನೆಲದ ಮೇಲೆ ಮಲಗಲಾಗದವರಿಗೆ ಮಂಚ, ಉಪ್ಪಿಲ್ಲದ ಊಟ ಇವೂ ಕೇಳಬೇಕಾದವೇ. ವಿಚಾರಣಾಧೀನ ಕೈದಿಯಾಗಿದ್ದ ಪಾದ್ರಿ ಫಾದರ್ ಸ್ಟ್ಯಾನ್ ಸ್ವಾಮಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು, ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಒಂದು ಸ್ಟ್ರಾ, ಒಂದು ಸಿಪ್ಪರ್ ಲೋಟಕ್ಕಾಗಿ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಅರ್ಜಿ ಇನ್ನೂ ಬಾಕಿ ಇರುವಾಗಲೇ, 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾಲ್ಕನೇ ಹೆಜ್ಜೆ: ಖರ್ಚಿಲ್ಲದೆ ವಕೀಲರು

ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಇದನ್ನು ಹೇಳುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ ಇರುತ್ತದೆ, ಶಿರಸಿಯವರು ಇದಕ್ಕಾಗಿ ಘಟ್ಟ ಇಳಿಯಬೇಕಾಗಿಲ್ಲ. ಜೈಲಿಗೇ ಬರುವ ಕಾನೂನು ನೆರವಿನ ವಕೀಲರ ಹತ್ತಿರ ಕೈದಿ ನೇರವಾಗಿ ಹೇಳಿಕೊಳ್ಳಬಹುದು.

ಇನ್ನೊಂದು ಬಾಗಿಲು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜೈಲು ಅಧೀಕ್ಷಕರು ಅದರಲ್ಲಿ ಇರುತ್ತಾರೆ. ಅದು ನೋಡಬೇಕಾದ ವರ್ಗಗಳಲ್ಲಿ ಒಂದು: ಕಾಯಿಲೆಯಿಂದ ಬಳಲುವ, ತಜ್ಞ ಚಿಕಿತ್ಸೆ ಬೇಕಾದ ಕೈದಿಗಳು. ಪ್ರಾಧಿಕಾರದ ಕಾರ್ಯದರ್ಶಿಗೆ ಒಂದು ಕಾಗದ ಕೊಟ್ಟು “ಮುಂದಿನ ಸಭೆಯಲ್ಲಿ ಇವರ ಹೆಸರು ಇಡಿ” ಅಂತ ಕೇಳಿ.

ಐದನೇ ಹೆಜ್ಜೆ: ರಿಮಾಂಡ್ ಮಾಡಿದ ಕೋರ್ಟಿಗೇ ಅರ್ಜಿ

ಹೈಕೋರ್ಟಿಗೆ ಓಡುವ ಮೊದಲು, ಯಾವ ಕೋರ್ಟು ಜೈಲಿಗೆ ಕಳಿಸಿತೋ ಅದರ ಮುಂದೆ ಹೋಗಿ. ನ್ಯಾಯಾಂಗ ಬಂಧನ ಅಂದರೆ ಆ ಕೋರ್ಟಿನ ಜವಾಬ್ದಾರಿಯಲ್ಲಿ ಇರುವುದು. ಹೊಸಬರು ಮಾಡುವ ತಪ್ಪು, “ಸೂಕ್ತ ಚಿಕಿತ್ಸೆ ಕೊಡಿಸಿ” ಅಂತ ಮಾತ್ರ ಬರೆಯುವುದು. ಅದಕ್ಕೆ “ಸೂಕ್ತ ಚಿಕಿತ್ಸೆ ಕೊಡಿ” ಅನ್ನುವ ಒಂದು ಸಾಲಿನ ಆದೇಶ ಬರುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಬಿಡಿಸಿ ಕೇಳಿ: ವೈದ್ಯಾಧಿಕಾರಿಯ ವರದಿ ಇಂಥ ತಾರೀಕಿನೊಳಗೆ ಕೋರ್ಟಿಗೆ ಬರಬೇಕು. ಇಂಥ ವಿಭಾಗದ ತಜ್ಞರು ನೋಡಬೇಕು. ಕರೆದೊಯ್ಯಲು ಪೊಲೀಸ್ ಎಸ್ಕಾರ್ಟ್ ಒದಗಿಸಬೇಕು. ಆಸ್ಪತ್ರೆಯ ದಾಖಲೆಯ ಪ್ರತಿ ಮನೆಯವರಿಗೆ ಸಿಗಬೇಕು. ಪಾಲನೆಯಾದ ವರದಿಯನ್ನು ಇಂಥ ದಿನ ಹಾಜರುಪಡಿಸಬೇಕು. ಕೊನೆಯದು ಬಹಳ ಮುಖ್ಯ, ಅದಿದ್ದರೆ ಕೇಸು ಮತ್ತೆ ತಾನೇ ಕೋರ್ಟಿನ ಮುಂದೆ ಬರುತ್ತದೆ.

ನಮ್ಮ ಜಿಲ್ಲೆಯ ಕಷ್ಟ ಬೇರೆಯೇ ಇದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಆದರೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದಾರೆ. ಹೃದಯ, ಮೆದುಳು, ಕ್ಯಾನ್ಸರ್ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾದ ಬಾಂಬೋಳಿ. ಹೊರಗಿರುವ ನಮಗೇ ಹೀಗೆ, ಅಲ್ವಾ? ಹಾಗಾದರೆ ಕೈದಿಗೆ ಹೊರಗಿನವರ ಮಟ್ಟದ ಚಿಕಿತ್ಸೆ ಅಂದರೆ ಏನು? ನನಗೆ ತಿಳಿದಂತೆ ಇಷ್ಟು: ಹೊರಗಿನವರು ಸಾಲ ಮಾಡಿಯಾದರೂ ಆಂಬುಲೆನ್ಸ್ ಹತ್ತುತ್ತಾರೆ. ಕೈದಿ ತಾನಾಗಿ ಹತ್ತುವಂತಿಲ್ಲ. ಬಾಗಿಲಿಗೆ ಬೀಗ ಹಾಕಿದ ಸರ್ಕಾರವೇ ಆ ದಾರಿಯನ್ನೂ ಒದಗಿಸಬೇಕು. ನಿಮ್ಮ ವಕೀಲರು ಇದನ್ನು ಅರ್ಜಿಯಲ್ಲಿ ಬರೆಯಲಿ.

ದಾರಿಯ ಬಗ್ಗೆ ಮೂರು ಮಾತು. ಗೋವಾಕ್ಕೆ ಒಯ್ಯಬೇಕಾದರೆ ರಾಜ್ಯದ ಗಡಿ ದಾಟಬೇಕು, ಆದ್ದರಿಂದ ಕೋರ್ಟಿನ ಆದೇಶದಲ್ಲಿ ಆಸ್ಪತ್ರೆಯ ಹೆಸರು, ಊರು, ತಾರೀಕು ಸ್ಪಷ್ಟವಾಗಿ ಇರಲಿ. ಎರಡನೆಯದು, ಮಳೆಗಾಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಮರೆಯುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಜ್ಞರ ದಿನಾಂಕ ಇದ್ದರೆ, ರಸ್ತೆ ಬಂದ್ ಆದರೆ ಬೇರೆ ಯಾವ ಆಸ್ಪತ್ರೆ ಅನ್ನುವುದನ್ನೂ ಅರ್ಜಿಯಲ್ಲೇ ಕೇಳಿಕೊಳ್ಳಿ. ಮೂರನೆಯದು ಎಸ್ಕಾರ್ಟ್. “ಇವತ್ತು ಸಿಬ್ಬಂದಿ ಇಲ್ಲ, ಬಂದೋಬಸ್ತಿಗೆ ಹೋಗಿದ್ದಾರೆ” ಅಂತ ದಿನಾಂಕ ತಪ್ಪುವುದು ಬಹಳ ಸಲ ಆಗುತ್ತದೆ. ತಪ್ಪಿದ ಪ್ರತಿ ದಿನಾಂಕವನ್ನೂ ಬರೆದಿಡಿ. ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಕಾಯದೆ ಕೋರ್ಟಿಗೆ ತಿಳಿಸಿ. “ಎಸ್ಕಾರ್ಟ್ ಇಲ್ಲ” ಅನ್ನುವುದು ವೈದ್ಯಕೀಯ ಕಾರಣವಲ್ಲ.

ಆಸ್ಪತ್ರೆಯಲ್ಲಿ ಮಂಚಕ್ಕೆ ಸರಪಳಿ ಕಟ್ಟಿದ್ದು ಕಂಡರೆ ಅದನ್ನೂ ಕೋರ್ಟಿಗೆ ಹೇಳಿ. ಗುವಾಹಟಿಯ ಆಸ್ಪತ್ರೆಯಲ್ಲಿ ಏಳು ಮಂದಿ ಬಂಧಿಗಳಿಗೆ ಬೇಡಿ ತೊಡಿಸಿ ಹಗ್ಗದಿಂದ ಕಟ್ಟಿದ್ದನ್ನು ಪತ್ರಕರ್ತ ಕುಲದೀಪ್ ನಯ್ಯರ್ ನೋಡಿ ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. 1995ರಲ್ಲಿ ಕೋರ್ಟು ಅದು ತಪ್ಪು ಅಂತ ಹೇಳಿತು. ಜೈಲಿನವರಿಗೆ ಬೇಡಿ ಬೇಕು ಅನಿಸಿದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು ಅಂತ ಆ ತೀರ್ಪು ಹೇಳುತ್ತದೆ.

ಆರನೇ ಹೆಜ್ಜೆ: ಕಾಯಿಲೆಯ ಕಾರಣಕ್ಕೆ ಜಾಮೀನು

ಗಂಭೀರ ಅಪರಾಧವಿದ್ದರೂ, ಕಾಯಿಲೆಯವರು ಮತ್ತು ಅಶಕ್ತರಿಗೆ ಜಾಮೀನು ಕೊಡಬಹುದು ಅಂತ ಹೊಸ ಸಂಹಿತೆಯ 480ನೇ ಕಲಂ ಹೇಳುತ್ತದೆ. ಸೆಷನ್ಸ್ ಕೋರ್ಟು, ಹೈಕೋರ್ಟಿಗೆ 483ನೇ ಕಲಂ. ಶಿಕ್ಷೆಯಾಗಿ ಮೇಲ್ಮನವಿ ಬಾಕಿ ಇದ್ದರೆ 430ನೇ ಕಲಂ ಅಡಿ ಶಿಕ್ಷೆ ಅಮಾನತು ಕೇಳಬಹುದು.

ಆದರೆ ಕಾಯಿಲೆ ಇದೆ ಅಂದ ಮಾತ್ರಕ್ಕೆ ಜಾಮೀನು ಸಿಗುವುದಿಲ್ಲ. ನ್ಯಾಯಾಧೀಶರು ಕೇಳುವ ಪ್ರಶ್ನೆ ಒಂದೇ: ಈ ಚಿಕಿತ್ಸೆ ಜೈಲಿನಲ್ಲಿ ಅಥವಾ ಪೊಲೀಸ್ ಕಾವಲಿನ ಜೊತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲವೇ? “ವಿಶ್ರಾಂತಿ ಬೇಕು” ಅಂತ ಬರೆದ ಸರ್ಟಿಫಿಕೇಟು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಯಾವ ಶಸ್ತ್ರಚಿಕಿತ್ಸೆ, ಎಷ್ಟು ದಿನದೊಳಗೆ, ತಡವಾದರೆ ಏನಾಗುತ್ತದೆ, ಆಮೇಲೆ ಎಂಥ ಆರೈಕೆ ಅಂತ ವೈದ್ಯರು ಬರೆದಿರಬೇಕು. ಪೂರ್ತಿ ಜಾಮೀನು ಕಷ್ಟ ಅನಿಸಿದರೆ, ಶಸ್ತ್ರಚಿಕಿತ್ಸೆಗೆ ಬೇಕಾದಷ್ಟು ವಾರದ ಮಧ್ಯಂತರ ಜಾಮೀನು ಕೇಳಿ. ಜೈಲಿನಲ್ಲಿದ್ದ ಕವಿ ವರವರ ರಾವ್ ಅವರಿಗೆ ಕಾಯಿಲೆಯ ಕಾರಣಕ್ಕೆ ಬಾಂಬೆ ಹೈಕೋರ್ಟ್ 2021ರ ಫೆಬ್ರುವರಿಯಲ್ಲಿ ಮೊದಲು ಆರು ತಿಂಗಳಿಗೆ ಜಾಮೀನು ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಕಾಲಮಿತಿ ತೆಗೆಯಿತು. ಹಂತ ಹಂತವಾಗಿ ದಾರಿ ತೆರೆಯುತ್ತದೆ.

ಸುಳ್ಳು ಸರ್ಟಿಫಿಕೇಟು ತರಬೇಡಿ. ಯಾರೋ ಒಬ್ಬರು ತಂದದ್ದು ಬಯಲಾದರೆ, ಮುಂದಿನ ಹತ್ತು ನಿಜವಾದ ರೋಗಿಗಳ ಅರ್ಜಿಯನ್ನು ಅನುಮಾನದಿಂದ ನೋಡುತ್ತಾರೆ.

ಏಳನೇ ಹೆಜ್ಜೆ: ಧಾರವಾಡ

ಉತ್ತರ ಕನ್ನಡದ ಹೈಕೋರ್ಟು ಕೆಲಸವೆಲ್ಲ ಧಾರವಾಡ ಪೀಠದಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಕಾರವಾರದವರು ಬೆಂಗಳೂರಿಗೆ ಹೋಗಬೇಕಿತ್ತು. ಈಗ ಯಲ್ಲಾಪುರ, ಕಲಘಟಗಿ ದಾರಿಯಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದು.

ಕೆಳಗಿನ ಕೋರ್ಟಿನ ಆದೇಶವನ್ನು ಪಾಲಿಸದಿದ್ದಾಗ, ಅರ್ಜಿಗೆ ವಾರಗಟ್ಟಲೆ ಉತ್ತರವೇ ಬಾರದಿದ್ದಾಗ, ಅಥವಾ ಜೀವ ಅಪಾಯದಲ್ಲಿ ಇದ್ದಾಗ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕುತ್ತಾರೆ. ಅಧಿಕಾರಿಗಳು ತಮ್ಮ ಕರ್ತವ್ಯ ಮಾಡಲಿ ಅಂತ ಆಜ್ಞೆ ಕೇಳುವುದು ಇದರ ತಿರುಳು. ಮೂರನೇ ಹೆಜ್ಜೆಯ ಅರ್ಜಿ, ಸ್ವೀಕೃತಿ, ಅಂಚೆ ರಸೀದಿ, ಕೆಳಗಿನ ಕೋರ್ಟಿನ ಆದೇಶ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ವಕೀಲರಿಗೆ ಕೊಡಿ. ತುರ್ತು ಇದ್ದರೆ ಬೇಗ ಪಟ್ಟಿಗೆ ತರಲು ಪ್ರತ್ಯೇಕ ಮೆಮೊ ಹಾಕಿಸಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಧಾರವಾಡದ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯನ್ನು ಕೇಳಿ.

ಏನೂ ದಾರಿ ಕಾಣದಿದ್ದರೆ ಕೈದಿಯೇ ಒಂದು ಕಾಗದ ಬರೆಯಬಹುದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ಪಕ್ಕದ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಕಾಗದ ಬರೆದರು. ಕೋರ್ಟು ಅದನ್ನೇ ಅರ್ಜಿ ಅಂತ ತೆಗೆದುಕೊಂಡು 1979ರಲ್ಲಿ ತೀರ್ಪು ಕೊಟ್ಟಿತು. ಒಡಿಶಾದ ನೀಲಾಬತಿ ಬೆಹೆರಾ ಅನ್ನುವ ತಾಯಿ ಕಸ್ಟಡಿಯಲ್ಲಿ ತೀರಿಹೋದ ಮಗನ ಬಗ್ಗೆ 1988ರಲ್ಲಿ ಬರೆದ ಕಾಗದವೂ ಹಾಗೇ ರಿಟ್ ಆಯಿತು. 1993ರಲ್ಲಿ ಸರ್ಕಾರ 1,50,000 ರೂಪಾಯಿ ಪರಿಹಾರ ಕೊಡಬೇಕು ಅಂತ ಆದೇಶವಾಯಿತು.

ಜೊತೆಗೇ ನಡೆಯಬೇಕಾದ ಕೆಲಸ

ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಾಮಾನ್ಯವಾಗಿ 30 ದಿನ ಕಾಯಬೇಕು. ಆದರೆ ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಕೊಡಬೇಕು, 7ನೇ ಕಲಂ. ಅರ್ಜಿಯ ತಲೆಯಲ್ಲೇ “ಜೀವಕ್ಕೆ ಸಂಬಂಧಿಸಿದ್ದು, 48 ಗಂಟೆ” ಅಂತ ಬರೆಯಿರಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ. ವೈದ್ಯಕೀಯ ದಾಖಲೆ ಖಾಸಗಿ ಅಂತ ತಿರಸ್ಕರಿಸಬಾರದು ಅಂದರೆ ಕೈದಿಯ ಸಹಿ ಇರುವ ಒಪ್ಪಿಗೆ ಪತ್ರ ಸೇರಿಸಿ. ಆಸ್ಪತ್ರೆಯ ದಾಖಲೆಯನ್ನು ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮವೂ ಇದೆ.

ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು. ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗಕ್ಕೆ ಕೊಟ್ಟ ದೂರನ್ನೇ ರಾಷ್ಟ್ರೀಯ ಆಯೋಗ ಮತ್ತೆ ನೋಡುವುದಿಲ್ಲ, ಒಂದನ್ನು ಆರಿಸಿಕೊಳ್ಳಿ. ನನ್ನ ಅನುಭವದಲ್ಲಿ ಇದು ನಿಧಾನದ ದಾರಿ. ತುರ್ತಿಗೆ ಕೋರ್ಟೇ ಸರಿ.

ಗರ್ಭಿಣಿಯರ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2006ರ ಆರ್.ಡಿ. ಉಪಾಧ್ಯಾಯ ತೀರ್ಪು ಇದೆ. ಆದಷ್ಟು ಮಟ್ಟಿಗೆ ಹೆರಿಗೆ ಜೈಲಿನ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು, ಮಗುವಿನ ಜನನ ದಾಖಲೆಯಲ್ಲಿ ಜೈಲಿನ ಹೆಸರು ಬರಬಾರದು. ಮನಸ್ಸಿನ ಕಾಯಿಲೆಯವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಕಲಂ. ನಮ್ಮ ಕಡೆಯಿಂದ ಕಳಿಸುವುದಾದರೆ ಹತ್ತಿರದ ದೊಡ್ಡ ಸಂಸ್ಥೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್. ಮಾತು ಬಿಟ್ಟಿದ್ದಾರೆ, ಊಟ ಬಿಟ್ಟಿದ್ದಾರೆ, ಸಾಯುವ ಮಾತು ಆಡುತ್ತಾರೆ ಅಂದರೆ ಅದನ್ನು ಎದೆನೋವಿನಷ್ಟೇ ತುರ್ತು ಅಂತ ಹಿಡಿದು ಅವತ್ತೇ ಕಾಗದ ಕೊಡಿ.

ಸಾವು ಆದರೆ

ಬರೆಯಲು ಮನಸ್ಸಿಲ್ಲ, ಆದರೂ ಗೊತ್ತಿರಬೇಕು. ಕಸ್ಟಡಿಯಲ್ಲಿ ಸಾವಾದರೆ ಹೊಸ ಸಂಹಿತೆಯ 196ನೇ ಕಲಂ ಅಡಿ ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಜೈಲಿನ ಸಾವಿಗೂ ಇದು ಅನ್ವಯಿಸುತ್ತದೆ. ಮನೆಯವರಿಗೆ ತಿಳಿಸಬೇಕು, ಅವರು ವಿಚಾರಣೆಯಲ್ಲಿ ಹಾಜರಿರಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕು. ಮರಣೋತ್ತರ ಪರೀಕ್ಷೆಯ ವಿಡಿಯೋ ಆಗಬೇಕು ಅಂತ ಬರೆದು ಕೇಳಿ, ವರದಿಯ ಪ್ರತಿ ಕೇಳಿ. ದುಃಖದಲ್ಲಿ ಇರುವವರ ಕೈಗೆ ಖಾಲಿ ಹಾಳೆ ಕೊಟ್ಟು ಸಹಿ ಕೇಳಿದರೆ ಹಾಕಬೇಡಿ. ಮನೆಯವರ ಪರವಾಗಿ ಓದಬಲ್ಲ ಒಬ್ಬರು ಪಕ್ಕದಲ್ಲೇ ಇರಲಿ.

ನಾಳೆ ಭೇಟಿ ಇದ್ದರೆ

ಭೇಟಿಯ ಹೊತ್ತು ಅಳುವುದರಲ್ಲಿ, ಮನೆ ಸುದ್ದಿ ಹೇಳುವುದರಲ್ಲಿ ಕಳೆದುಹೋಗುತ್ತದೆ. ನಮ್ಮ ಚಿಕ್ಕಮ್ಮ ಆಮೇಲೆ ಆಮೇಲೆ ಪ್ರಶ್ನೆಗಳನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೇ ಹೋಗುತ್ತಿದ್ದರು. ಕೊನೆಯ ಸಲ ಮದ್ದು ಕೊಟ್ಟದ್ದು ಯಾವಾಗ? ಯಾರು ಕೊಟ್ಟರು, ವೈದ್ಯರೋ ಬೇರೆಯವರೋ? ಇನ್ಸುಲಿನ್ ಫ್ರಿಜ್ಜಿನಿಂದ ತೆಗೆದರಾ? ಸಕ್ಕರೆ ಪರೀಕ್ಷೆ ಯಾವತ್ತು ಮಾಡಿದರು, ಎಷ್ಟು ಬಂತು? ಕಾಲಲ್ಲಿ ಗಾಯ ಇದೆಯಾ? ರಾತ್ರಿ ನಿದ್ದೆ ಬರುತ್ತದಾ? ಕರೆದೊಯ್ಯುತ್ತೇವೆ ಅಂದ ದಿನ ಕರೆದೊಯ್ದರಾ?

ಉತ್ತರಗಳನ್ನು ಅಲ್ಲೇ, ಗೇಟಿನ ಹೊರಗೆ ಕೂತು ಬರೆದುಕೊಳ್ಳಿ. ತಾರೀಕು, ಗಂಟೆ ಹಾಕಿ. ಬಸ್ಸು ಹತ್ತಿದ ಮೇಲೆ ಬರೆಯೋಣ ಅಂದುಕೊಂಡರೆ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಸೋಮವಾರ ಯಾವುದು, ಬುಧವಾರ ಯಾವುದು ಕಲಸಿಹೋಗುತ್ತದೆ.